ಕಬ್ಬಿನ ಗಾಡಿಯ ಬೇಸ್

ಕಬ್ಬಿನ ಸೀಜನ್ ಶುರುವಾದರೆ ರಾಯಬಾಗದ ರಾತ್ರಿಗಳ ಸದ್ದೇ ಬದಲಾಗುತ್ತದೆ. ಟ್ರ್ಯಾಕ್ಟರಿನ ದೀಪ ಕಾಣುವ ಮೊದಲೇ ಅದರ ಟೇಪಿನ ಬೇಸ್ ಬಂದು ಕಿಟಕಿಯ ಗಾಜು ತಟ್ಟುತ್ತದೆ. ಹಾಡು ಯಾವುದೆಂದು ಆಗಿನ್ನೂ ತಿಳಿಯುವುದಿಲ್ಲ, ಪದಗಳು ತೋಟದ ಆಚೆಯೇ ಉಳಿದಿರುತ್ತವೆ. ಹತ್ತಿರ ಬಂದ ಮೇಲೆ ಅದು ಇದೇ ತಾಲೂಕಿನ ಮಾಳು ನಿಪನಾಳ ಅವರ ‘ನಾ ಡ್ರೈವರ’ ಎಂದು ಗೊತ್ತಾಗುತ್ತದೆ. ಡ್ರೈವರನ ಹಾಡನ್ನು ಡ್ರೈವರನೇ ಊರಿಗೆಲ್ಲ ಕೇಳಿಸುತ್ತ ಹೋಗುತ್ತಾನೆ.

ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಗಾಡಿಗಳು ಪಾಳಿ ಹಚ್ಚಿ ಗಂಟೆಗಟ್ಟಲೆ ನಿಲ್ಲುತ್ತವೆ. ಸ್ಪರ್ಧೆ ನಡೆಯುವುದು ಅಲ್ಲಿ. ಅಮೆರಿಕದಲ್ಲಿ ಕಾರಿನ ಬೇಸಿಗೆ ಪಂದ್ಯಗಳೇ ಇವೆ. ಬಾಗಿಲು ಮುಚ್ಚಿ, ಒಳಗೆ ಮೈಕ್ ಇಟ್ಟು ಡೆಸಿಬೆಲ್ ಅಳೆಯುತ್ತಾರೆ. ಬಾಗಿಲು ಅದುರಿದರೆ ಶಕ್ತಿ ಸೋರುತ್ತದೆಂದು ಕಾರಿನೊಳಗೆ ಕಾಂಕ್ರೀಟ್ ಸುರಿದವರೂ ಉಂಟು. ನಮ್ಮಲ್ಲಿ ಮೀಟರೂ ಇಲ್ಲ, ಬಹುಮಾನವೂ ಇಲ್ಲ. ಪಕ್ಕದ ಗಾಡಿಯ ಹಾಡನ್ನು ಮುಳುಗಿಸಿದವನು ಗೆದ್ದಂತೆ.

ನಮ್ಮ ಕಾಕಾನ ಮಗ ಅಣ್ಣ ಇದರಲ್ಲಿ ಹೆಸರು ಮಾಡಿದವನು. “ಬಾಕ್ಸ್ ಹೆಚ್ಚ ಮಾಡಿದ್ರ ಆವಾಜ ಹೆಚ್ಚಾಗಂಗಿಲ್ಲ ತಂಗಿ, ಮದಲ ವಾಯರ್ ನೋಡ್ಬೇಕು” ಅನ್ನುತ್ತಾನೆ. ಅವನು ಕೈಯಿಂದ ಕಲಿತದ್ದನ್ನು ನಾನು ಪುಸ್ತಕದಲ್ಲಿ ಹುಡುಕಿ ನೋಡಿದೆ. ಎಲ್ಲವೂ ಸರಿಯಿತ್ತು. ಎರಡು ಸ್ಪೀಕರ್‌ಗಳಲ್ಲಿ ಒಂದಕ್ಕೆ ಪ್ಲಸ್ ಮೈನಸ್ ಅದಲುಬದಲಾದರೆ ಒಂದು ಗಾಳಿಯನ್ನು ನೂಕುವಾಗ ಇನ್ನೊಂದು ಎಳೆಯುತ್ತದೆ, ಬೇಸ್ ಸತ್ತೇ ಹೋಗುತ್ತದೆ. ಸ್ಪೀಕರ್‌ನ ಮುಂದಿನ ಸದ್ದನ್ನು ಹಿಂದಿನ ಸದ್ದು ನುಂಗದಿರಲೆಂದೇ ಡಬ್ಬಿ ಬೇಕು. ಆ ಡಬ್ಬಿಗೊಂದು ತೂತು, ತೂತಿಗೊಂದು ಅಳತೆ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದೇ ಸ್ವರ ಹೊರಡುತ್ತದಲ್ಲ, ಡಬ್ಬಿಗೂ ಹಾಗೆ ತನ್ನದೊಂದು ಸ್ವರವಿರುತ್ತದೆ. ಆ ಸ್ವರದ ಹತ್ತಿರ ಅದು ಕಡಿಮೆ ಶಕ್ತಿಯಲ್ಲೇ ಗುಡುಗುತ್ತದೆ.

ವಾಟ್ ಏರಿಸುವವರಿಗೆ ಕಾದಿರುವುದು ನಿರಾಸೆ. ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಸದ್ದು ಎರಡು ಪಟ್ಟಾಯಿತು ಅನ್ನಿಸಲು ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ಶಕ್ತಿ. ಅಷ್ಟನ್ನು 12 ವೋಲ್ಟಿನ ಬ್ಯಾಟರಿ ಎಲ್ಲಿಂದ ತಂದೀತು? ಪ್ರತಿ ಪೆಟ್ಟಿಗೂ ಗಾಡಿಯ ದೀಪ ಮಂಕಾಗುತ್ತದೆ. ಅದಕ್ಕೇ ಅಣ್ಣ ದಪ್ಪ ವಾಯರ್ ಎಳೆದು, ಬಾಕ್ಸುಗಳನ್ನು ಒಂದಕ್ಕೊಂದು ಅಂಟಿಸಿ ಇಟ್ಟಿದ್ದಾನೆ.

ಸಂಶೋಧನೆಗೆಂದು ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಡೊಳ್ಳಿನವರ ಪಕ್ಕ ನಿಂತಾಗ ಎದೆಯಲ್ಲಿ ಇದೇ ಕಂಪನ ಎದ್ದಿತ್ತು. ಇಲ್ಲಿನವರಿಗೆ ಬೇಸ್ ಹೊಸದಲ್ಲ, ಅದರ ರುಚಿ ಹಳೆಯದು. ಆದರೆ ಡೊಳ್ಳು ಬಾರಿಸುವವನ ತೋಳು ಒಂದು ಹೊತ್ತಿಗೆ ಸೋಲುತ್ತದೆ, ಅವನು ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಾನೆ. ಆಂಪ್ಲಿಫೈಯರ್‌ಗೆ ಸೋಲುವ ತೋಳಿಲ್ಲ.

ಸೋತದ್ದು ಅಣ್ಣನ ಕಿವಿ. ಈಗ ಕಾಕು ಅವನನ್ನು ಎರಡೆರಡು ಸಲ ಕರೆಯಬೇಕು. ರಾತ್ರಿ ಮಲಗಿದರೆ ಕಿವಿಯಲ್ಲಿ ಜೀರುಂಡೆ ಕೂಗುತ್ತದಂತೆ. ಧ್ವನಿವರ್ಧಕವನ್ನು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಹಚ್ಚಬಾರದೆಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ ಅಂದೆ. “ರಾತ್ರಿ ಕಬ್ಬ ಹೇರಬ್ಯಾಡ ಅಂತ ಯಾವ ನಿಯಮ ಹೇಳತೈತಿ? ಟೇಪ ನಿಂತ್ರ ನನಗ ನಿದ್ದಿ ಬರತೈತಿ” ಅಂದ. ಎರಡು ಟ್ರೇಲರ್ ಕಬ್ಬು ಹಿಂದೆ ಕಟ್ಟಿಕೊಂಡವನು ತೂಕಡಿಸಿದರೆ ಏನಾಗುತ್ತದೆಂದು ನನಗೂ ಗೊತ್ತು. ಸದ್ದು ಅವನನ್ನು ಎಚ್ಚರವಾಗಿಡುತ್ತದೆ, ಅದೇ ಸದ್ದು ಹಿಂದಿನ ಬಸ್ಸಿನ ಹಾರ್ನನ್ನು ನುಂಗುತ್ತದೆ. ಇವೆರಡರ ನಡುವೆ ಯಾವುದನ್ನು ಆರಿಸು ಎಂದು ಹೇಳಲಿ?

ಒಂದು ಸಂಜೆ ಅವನ ಸೀಟಿನ ಮೇಲೆ ಫೋನಿಟ್ಟು ಅಳೆದೆವು. ಅಂಕಿ 100 ದಾಟಿತು. ಬಹುಮಾನ ಬಂದಂತೆ ನಕ್ಕ. 85 ಡೆಸಿಬೆಲ್ಲಿನಲ್ಲಿ 8 ಗಂಟೆ ಇರಬಹುದು, ಪ್ರತಿ 3ಕ್ಕೂ ಆ ಹೊತ್ತು ಅರ್ಧವಾಗುತ್ತದೆ, 100ಕ್ಕೆ ಉಳಿಯುವುದು 15 ನಿಮಿಷ ಎಂದು ಲೆಕ್ಕ ಮಾಡಿ ತೋರಿಸಿದೆ. ಅದು ಅವನಿಗೆ ನಾಟಲಿಲ್ಲ. 10 ಡೆಸಿಬೆಲ್ ಇಳಿಸಿದರೆ ಹತ್ತರಲ್ಲೊಂದು ಪಾಲು ಶಕ್ತಿ ಸಾಕು ಅಂದಾಗ ಮಾತ್ರ ತಿರುಗಿ ನೋಡಿದ. “ಅಂದ್ರ ಬ್ಯಾಟರಿ ಉಳೀತೈತಿ?” ಅಂತ ಕೇಳಿದ.

ಈಗ ರಸ್ತೆಯಲ್ಲಿ ಹಾರ್ನ್ ಕೇಳಿಸುವಷ್ಟು ಇಳಿಸುತ್ತಾನೆ. ಕಾರ್ಖಾನೆಯ ಅಂಗಳ ಹೊಕ್ಕರೆ ಮತ್ತೆ ಪೂರ್ತಿ. ನಿದ್ದೆಯ ಭಯವಿಲ್ಲದ ಅಲ್ಲಿಯಾದರೂ ಇಳಿಸಬಾರದೇ ಅಂದೆ.

“ಅಲ್ಲಿ ಇಳಸಂದ್ರ ಹೆಂಗ ತಂಗಿ, ಅಲ್ಲಿ ಎಲ್ಲಾರೂ ಇರ್ತಾರಲ್ಲ.”