ಪದ್ಮಿನಿಗೆ ಹೊಸ ಎಂಜಿನ್ನು

ಕಾಲೇಜಿನಲ್ಲಿ ಛಂದಸ್ಸಿನ ಪಾಠ ಹೇಳುವವನಿಗೆ ಮೋಟಾರಿನ ಎಂಜಿನ್ನಿನ ಗೊಡವೆಯೇಕೆ ಎಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಪದ್ಯವನ್ನು ಗಣಗಳಾಗಿ ಬಿಚ್ಚುವುದನ್ನು ಬಿಟ್ಟರೆ ಬೇರೆ ಯಾವುದನ್ನೂ ನಾನು ಬಿಚ್ಚಿ ಜೋಡಿಸಿದವನಲ್ಲ. ಮನೆಯ ಗೋಡೆ ಗಡಿಯಾರ ನಿಂತರೂ ಪಕ್ಕದ ಮನೆಯ ಹುಡುಗನನ್ನು ಕೂಗಬೇಕು. ಹೀಗಿದ್ದೂ ಒಂದು ವರ್ಷ ಕಾಲ ನಾನು ಪಿಸ್ಟನ್ನು ವಾಲ್ವುಗಳ ಮಾತಿನ ನಡುವೆಯೇ ಬದುಕಬೇಕಾಯಿತು. ಅದಕ್ಕೆ ಕಾರಣ ನಮ್ಮ ತಂದೆಯವರು ಬಿಟ್ಟುಹೋದ ಪದ್ಮಿನಿ.

ಪದ್ಮಿನಿ ಎಂದರೆ ಕಾರು. ಇಟಲಿಯ ಫಿಯೆಟ್ 1100ರ ವಂಶದಲ್ಲಿ ಹುಟ್ಟಿ, ಮುಂಬಯಿಯ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ಬೆಳೆದು, 1974ರಲ್ಲಿ ಈ ಹೆಸರನ್ನು ಪಡೆದದ್ದು. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಯಾಗಿ ದುಡಿದು ದುಡಿದು 2023ರ ಅಕ್ಟೋಬರಿನಲ್ಲಿ ಆ ನಗರದ ಬೀದಿಗಳಿಂದ ನಿವೃತ್ತಿ ಹೊಂದಿದ್ದೂ ಇದೇ. ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದ ನಮ್ಮ ತಂದೆಯವರು 1993ರಲ್ಲಿ ಹತ್ತು ವರ್ಷ ಹಳೆಯದಾದ ಒಂದು ಪದ್ಮಿನಿಯನ್ನು ಭವಿಷ್ಯನಿಧಿಯ ಸಾಲದಿಂದ ಕೊಂಡರು. ನಮ್ಮ ಪೂರ್ವಿಕರು ನಾಯಿಕೆಯರನ್ನು ಪದ್ಮಿನಿ, ಚಿತ್ತಿನಿ, ಶಂಖಿನಿ, ಹಸ್ತಿನಿ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರಷ್ಟೆ. ಬೆಳಿಗ್ಗೆ ಕಾರು ಗೊರಗೊರ ಸದ್ದು ಮಾಡಿ ಏಳುವಾಗಲೆಲ್ಲ ತಂದೆಯವರು, “ಹೆಸರು ಪದ್ಮಿನಿ, ಕಂಠ ಮಾತ್ರ ಹಸ್ತಿನಿಯದು” ಎಂದು ನಗುತ್ತಿದ್ದರು. ಗಂಟೆಗೆ ಅರವತ್ತು ಕಿಲೋಮೀಟರನ್ನು ಅವರು ಎಂದೂ ಮೀರಿದವರಲ್ಲ. ಚಾಮುಂಡಿ ಬೆಟ್ಟ ಹತ್ತುವಾಗ ನಡುದಾರಿಯಲ್ಲಿ ನಿಲ್ಲಿಸಿ, ಬಾನೆಟ್ ತೆರೆದಿಟ್ಟು, ಮೈಸೂರನ್ನು ನೋಡುತ್ತಾ ಕಾಲು ಗಂಟೆ ಕಳೆಯುವುದು ನಮ್ಮ ಮನೆಯ ಸಂಪ್ರದಾಯವೇ ಆಗಿತ್ತು.

2016ರ ಡಿಸೆಂಬರಿನ ಒಂದು ರಾತ್ರಿ, ಎರಡು ಗಂಟೆಯ ಹೊತ್ತಿಗೆ ತಂದೆಯವರಿಗೆ ಎದೆನೋವು ಬಂತು. ತಮ್ಮ ಬೆಂಗಳೂರಿನಲ್ಲಿದ್ದ. ನಾನು ಕಾರಿನಲ್ಲಿ ಕುಳಿತು ಕೀ ತಿರುಗಿಸಿದೆ. ಕಾರು ಸ್ಟಾರ್ಟ್ ಆಗಲಿಲ್ಲ. ಮತ್ತೆ ಮತ್ತೆ ತಿರುಗಿಸಿದರೂ ಆಗಲಿಲ್ಲ. ಕೊನೆಗೆ ಹಿಂದಿನ ಬೀದಿಯ ಆಟೋದವರನ್ನು ಎಬ್ಬಿಸಿ ಆಸ್ಪತ್ರೆಗೆ ಕರೆದೊಯ್ದೆವು. ಅಷ್ಟರಲ್ಲಿ ಕಾಲು ಗಂಟೆ ಕಳೆದಿತ್ತು. ಮೂರನೆಯ ದಿನ ತಂದೆಯವರು ತೀರಿಕೊಂಡರು. ಆ ಕಾಲು ಗಂಟೆಯಿಂದ ಏನೂ ವ್ಯತ್ಯಾಸವಾಗುತ್ತಿರಲಿಲ್ಲವೆಂದು ವೈದ್ಯರು ಸಮಾಧಾನ ಹೇಳಿದರು. ಮೊದಲ ದಿನ ಬೆಳಗಿನ ಬಸ್ಸಿಗೆ ಬಂದಿಳಿದ ತಮ್ಮನಿಗೆ ನಾನು ಹೇಳಿದ್ದು ಒಂದೇ ಮಾತು: “ಎಂಜಿನ್ ಕೈಕೊಟ್ಟಿತು.”

ತಮ್ಮ ಯಂತ್ರಶಾಸ್ತ್ರ ಓದಿದವನು. ಆ ಮಾತಿಗೆ ಅವನು ಅಂದು ಏನೂ ಹೇಳಲಿಲ್ಲ. ಏಳು ವರ್ಷಗಳ ತರುವಾಯ ಒಂದು ದಿನ ಊಟಕ್ಕೆ ಕುಳಿತಾಗ, “ಅಣ್ಣ, ಪದ್ಮಿನಿಗೆ ಬೇರೆ ಎಂಜಿನ್ ಹಾಕೋಣ” ಎಂದ. ಸಕಲೇಶಪುರದ ಹತ್ತಿರ ಅವನ ಗೆಳೆಯನದೊಂದು ಕಾಫಿ ತೋಟವಿದೆ. ಅಲ್ಲಿ ನೋಂದಣಿ ರದ್ದಾಗಿ ಮೂಲೆ ಸೇರಿದ್ದ ಮತ್ತೊಂದು ಪದ್ಮಿನಿಯ ಮೇಲೆ ಮೊದಲು ಪ್ರಯೋಗ ನಡೆಸಿ ನೋಡುವುದೆಂದೂ, ಅದು ಗೆದ್ದರೆ ನಮ್ಮದರ ಸರದಿಯೆಂದೂ ತೀರ್ಮಾನವಾಯಿತು. ಕೆಲಸಕ್ಕೆ ನಮ್ಮ ಗ್ಯಾರೇಜಿನ ಸಾಹೇಬರೇ ಬೇಕು. ತಂದೆಯವರ ಕಾಲದಿಂದ ನಮ್ಮ ಕಾರಿನ ನಾಡಿ ಹಿಡಿದವರು ಅವರು.

ಹಾಕಲು ಆರಿಸಿದ್ದು, ಸೈನ್ಯದವರ ಬಳಕೆಯಿಂದ ನಮಗೆಲ್ಲ ಪರಿಚಿತವಾದ ಮಾರುತಿ ಜಿಪ್ಸಿಯ ಎಂಜಿನ್ನು. ಎರಡನ್ನೂ ಹೋಲಿಸಿ ತಮ್ಮ ನನಗೊಂದು ಪಾಠವನ್ನೇ ಹೇಳಿದ. ಹಳೆಯದು 1089 ಘನ ಸೆಂಟಿಮೀಟರಿನದು, ಹೊಸದು 1298ರದು. ಹಳೆಯದರ ಬಲ ನಲವತ್ತು ಅಶ್ವಶಕ್ತಿಯ ಆಸುಪಾಸು, ಹೊಸದರದು ಎಂಬತ್ತರಷ್ಟು. ಗಾತ್ರ ಕಾಲು ಪಾಲೂ ಹೆಚ್ಚಲಿಲ್ಲ, ಬಲ ಮಾತ್ರ ಇಮ್ಮಡಿಯಾಯಿತು. ಇದು ಹೇಗೆ? ಪಿಸ್ಟನ್ ಮೇಲಿನಿಂದ ಕೆಳಗೆ ಚಲಿಸುವ ದೂರ ಹಳೆಯದರಲ್ಲಿ 75 ಮಿಲಿಮೀಟರ್, ಹೊಸದರಲ್ಲಿ 75.5. ಎಂದರೆ ಇಬ್ಬರ ಹೆಜ್ಜೆಯೂ ಒಂದೇ ಅಳತೆಯದು; ವ್ಯತ್ಯಾಸವಿರುವುದು ಉಸಿರಾಟದಲ್ಲಿ. ಹಳೆಯದಕ್ಕೆ ಒಟ್ಟು ಎಂಟು ವಾಲ್ವುಗಳು. ಅವನ್ನು ತೆರೆಯುವ ದಂಡ ಎಂಜಿನ್ನಿನ ಕೆಳಭಾಗದಲ್ಲಿದ್ದು ಉದ್ದುದ್ದನೆಯ ಸಲಾಕೆಗಳ ಮೂಲಕ ಮೇಲಕ್ಕೆ ತಳ್ಳಬೇಕು. ಹೊಸದಕ್ಕೆ ಹದಿನಾರು ವಾಲ್ವುಗಳು, ದಂಡವಿರುವುದು ಅವುಗಳ ನೆತ್ತಿಯ ಮೇಲೆಯೇ. ನಿಮಿಷಕ್ಕೆ 6000 ಸುತ್ತು ಎಂದರೆ ಸೆಕೆಂಡಿಗೆ 100 ಸುತ್ತು. ಒಂದೊಂದು ವಾಲ್ವೂ ಸೆಕೆಂಡಿಗೆ 50 ಸಲ ತೆರೆದು ಮುಚ್ಚಬೇಕು. ಸಲಾಕೆಗಳ ಭಾರ ಹೊತ್ತ ಹಳೆಯ ವಾಲ್ವು ಆ ವೇಗಕ್ಕೆ ಏದುಸಿರು ಬಿಡುತ್ತದೆ, ಹೊಸದಕ್ಕೆ ಅಲ್ಲಿಯೇ ಹುರುಪು ಏರುತ್ತದೆ. ನನ್ನಂಥವನಿಗೂ ಅರ್ಥವಾಯಿತು.

ಅರ್ಥವಾದದ್ದು ಸುಲಭ, ಕೂರಿಸಿದ್ದು ಸುಲಭವಾಗಿರಲಿಲ್ಲ. ಬೇಸಿಗೆ ರಜೆಯಲ್ಲಿ ನಾನೂ ತೋಟದಲ್ಲಿದ್ದೆ. ಸಾಹೇಬರು ಚೈನ್ ಪುಲ್ಲಿಯಿಂದ ಹೊಸ ಎಂಜಿನ್ನನ್ನು ಇಳಿಸಿದಾಗ ಅದರ ಎಣ್ಣೆಯ ತೊಟ್ಟಿ ಕಾರಿನ ಅಡ್ಡಪಟ್ಟಿಗೆ ತಗುಲಿತು. ತೊಟ್ಟಿಯನ್ನು ಕತ್ತರಿಸಿ ಬೆಸೆದರು. ಎಂಜಿನ್ ಕೂರುವ ಕಾಲುಗಳನ್ನು ಹೊಸದಾಗಿ ಮಾಡಿಸಬೇಕಾಯಿತು. ಜಿಪ್ಸಿಯಲ್ಲಿ ನಾಲ್ಕು ಚಕ್ರಗಳಿಗೂ ಶಕ್ತಿ ಹಂಚುವ ಪೆಟ್ಟಿಗೆಯನ್ನು ಬಿಟ್ಟು, ಗೇರ್ ಬಾಕ್ಸನ್ನು ಮಾತ್ರ ಉಳಿಸಿಕೊಂಡು, ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟನ್ನು ಹಾಸನದಲ್ಲಿ ಅಳತೆಗೆ ಕತ್ತರಿಸಿ ತೂಕ ಸರಿಮಾಡಿಸಿ ತಂದರು. ಸ್ಟಿಯರಿಂಗಿನ ಪಕ್ಕದಲ್ಲಿದ್ದ ಗೇರಿನ ಹಿಡಿ ಮಾಯವಾಗಿ, ನೆಲಕ್ಕೆ ತೂತು ಕೊರೆದು ಬೇರೊಂದು ಹಿಡಿ ಬಂತು. ರೇಡಿಯೇಟರ್ ದೊಡ್ಡದಾಯಿತು. ಕಾರ್ಬುರೇಟರ್ ಹೋಯಿತು; ಪೆಟ್ರೋಲನ್ನು ಎಷ್ಟು ಸಿಂಪಡಿಸಬೇಕೆಂಬುದನ್ನು ಒಂದು ಪುಟ್ಟ ಗಣಕಯಂತ್ರ ನಿರ್ಣಯಿಸತೊಡಗಿತು. ಅದಕ್ಕೆ ಸುದ್ದಿ ಮುಟ್ಟಿಸುವ ತಂತಿಗಳನ್ನು ಜೋಡಿಸುವುದಕ್ಕೇ ತಮ್ಮನಿಗೆ ಹತ್ತು ದಿನ ಹಿಡಿಯಿತು.

ಕೊನೆಗೊಂದು ಸಂಜೆ ತೋಟದ ಡಾಂಬರು ದಾರಿಯಲ್ಲಿ ತಮ್ಮ ಕಾರು ಓಡಿಸಿದ. ಪಕ್ಕದಲ್ಲಿ ನಾನು, ಹಿಂದೆ ಸಾಹೇಬರು. ಮೂರು ಸಾವಿರ ಸುತ್ತಿನವರೆಗೆ ಅದು ಸಭ್ಯ ಗೃಹಿಣಿಯಂತಿತ್ತು. ನಾಲ್ಕು ಸಾವಿರ ದಾಟುತ್ತಲೂ ಕಂಠವೇ ಬೇರೆಯಾಯಿತು. ಐದು, ಐದೂವರೆ, ಆರು! ಅಷ್ಟು ಹಳೆಯ ಕಾರಿನ ಒಳಗಿನಿಂದ ಅಷ್ಟು ಎಳೆಯ ಕೂಗು ಹೊರಟಿದ್ದನ್ನು ಕೇಳಿ, ಸುಳ್ಳೇಕೆ ಹೇಳಲಿ, ಮೂವತ್ತು ದಾಟಿದ ಈ ಉಪನ್ಯಾಸಕನೂ ಹುಡುಗನಂತೆ ಕೇಕೆ ಹಾಕಿದ. ಅಷ್ಟರಲ್ಲಿ ಇಳಿಜಾರು ಬಂತು. ಇಳಿಜಾರಿನ ತುದಿಯಲ್ಲಿ ಕಾಫಿ ಹಣ್ಣು ಒಣಗಿಸುವ ಕಣ. ತಮ್ಮ ಬ್ರೇಕು ತುಳಿದ. ನಾಲ್ಕು ಚಕ್ರಕ್ಕೂ ಇದ್ದದ್ದು ನಲವತ್ತು ಕುದುರೆಗಳಿಗೆಂದು ಮಾಡಿದ ಹಳೆಯ ಡ್ರಮ್ ಬ್ರೇಕು. ಎಂಬತ್ತು ಕುದುರೆಗಳು ಅದಕ್ಕೆ ಬಗ್ಗಲಿಲ್ಲ. ಕಾರು ಜಾರುತ್ತ ಜಾರುತ್ತ ಹೋಗಿ, ಬರಿದಾಗಿದ್ದ ಕಣವನ್ನು ದಾಟಿ, ಅಂಚಿನ ಮಣ್ಣಿನ ಗುಪ್ಪೆಗೆ ಮೂತಿ ಇಟ್ಟು ನಿಂತಿತು.

ಯಾರಿಗೂ ಪೆಟ್ಟಾಗಲಿಲ್ಲ. ತುಸು ಹೊತ್ತು ಯಾರೂ ಮಾತನಾಡಲಿಲ್ಲ. ಆ ಮೇಲೆ ಸಾಹೇಬರು ಇಳಿದು ಚಕ್ರವನ್ನು ಮುಟ್ಟಿ ನೋಡಿ, “ಓಡಿಸೋದಕ್ಕೆ ಮುಂಚೆ ನಿಲ್ಲಿಸೋದನ್ನ ನೋಡಬೇಕಿತ್ತು ಮೇಷ್ಟ್ರೇ. ತಪ್ಪು ನಂದೇ” ಎಂದರು.

ನಮ್ಮ ಕವಿಗಳು ಲಲಿತ ರಗಳೆಯ ಪ್ರಾಸವನ್ನು ಕಳಚಿ ಸರಳ ರಗಳೆಯನ್ನು ಮಾಡಿಕೊಂಡ ಬಗೆಯನ್ನು ನಾನು ಪ್ರತಿ ವರ್ಷವೂ ಪಾಠ ಮಾಡುತ್ತೇನೆ. ಸಾಲಿನ ಕೊನೆಯಲ್ಲಿ ಪ್ರಾಸವಿದ್ದಾಗ ಮಾತು ತಾನಾಗಿಯೇ ಅಲ್ಲಿ ನಿಲ್ಲುತ್ತಿತ್ತು. ಪ್ರಾಸ ಹೋಗಿ ಮಾತು ಸಾಲಿನಿಂದ ಸಾಲಿಗೆ ಹರಿಯತೊಡಗಿದ ಮೇಲೆ ಎಲ್ಲಿ ನಿಲ್ಲಬೇಕೆಂಬುದು ಕವಿಯ ಹೊಣೆಯಾಯಿತು. ಅದು ನೆನಪಿಗೆ ಬಂತು, ನಿಜ. ಆದರೆ ಅಂದು ರಾತ್ರಿ ನನ್ನ ನಿದ್ದೆಗೆಡಿಸಿದ್ದು ರಗಳೆಯಲ್ಲ. ಸಾಹೇಬರು “ತಪ್ಪು ನಂದೇ” ಎಂದ ರೀತಿ. ಎಷ್ಟು ಸಲೀಸಾಗಿ ಹೇಳಿಬಿಟ್ಟರು!

ತೋಟದ ಕಾರಿಗೆ ಮುಂಚಕ್ರಗಳಲ್ಲಿ ಡಿಸ್ಕ್ ಬ್ರೇಕು ಬಂತು. ಇನ್ನು ನಮ್ಮದರ ಸರದಿ. ಸಾಹೇಬರು ನಮ್ಮ ಎಂಜಿನ್ನನ್ನು ಇಳಿಸಿದರು. ಅನುಮತಿಯ ಬಗ್ಗೆ ವಿಚಾರಿಸಲು ಸಾರಿಗೆ ಕಚೇರಿಗೆ ಹೋದವನು ನಾನು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿ ಬರೆದಿರುವ ತಯಾರಕರ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವೂ 2019ರಲ್ಲಿ ಇದನ್ನೇ ಎತ್ತಿಹಿಡಿದಿದೆ. ತೋಟದ ಒಳಗೆ ಓಡುವ ಕಾರಿನ ಮಾತು ಬೇರೆ, ಅಮ್ಮನನ್ನು ಕೂರಿಸಿಕೊಂಡು ಊರ ರಸ್ತೆಯಲ್ಲಿ ಓಡುವ ಕಾರಿನ ಮಾತು ಬೇರೆ. ಈ ಸುದ್ದಿಯನ್ನು ಹೊತ್ತು ಗ್ಯಾರೇಜಿಗೆ ಬಂದಾಗ ತಂದೆಯವರ ಎಂಜಿನ್ನು ಸರಪಣಿಯಲ್ಲಿ ತೂಗಾಡುತ್ತಿತ್ತು. ತಮ್ಮ ಪಕ್ಕದಲ್ಲಿ ನಿಂತಿದ್ದ.

ಸಾಹೇಬರು ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ, “ರಿಂಗು, ಬೇರಿಂಗು ಹಾಕಿದರೆ ಇನ್ನೂ ಇಪ್ಪತ್ತು ವರ್ಷ ಬರ್ತದೆ. ಕೈಕೊಡೋ ಎಂಜಿನ್ ಅಲ್ಲ ಮೇಷ್ಟ್ರೇ ಇದು” ಎಂದರು.

ಇನ್ನು ತಡೆಯಲಾಗಲಿಲ್ಲ. ಸಾಹೇಬರು ಚಹಾಕ್ಕೆ ಹೇಳಲು ಹೊರಗೆ ಹೋದಾಗ ನಾನು ತಮ್ಮನಿಗೆ ಹೇಳಿದೆ. ಆ ರಾತ್ರಿ ಗಾಬರಿಯಲ್ಲಿ ಚೋಕನ್ನು ಪೂರ್ತಿ ಎಳೆದೆ. ಕೀ ತಿರುಗಿಸುತ್ತಾ ಆಕ್ಸಿಲರೇಟರನ್ನು ಮೇಲಿಂದ ಮೇಲೆ ತುಳಿದೆ. ಪೆಟ್ರೋಲ್ ಉಕ್ಕಿ ಮೂಗಿಗೆ ವಾಸನೆ ಹೊಡೆದರೂ ತುಳಿಯುತ್ತಲೇ ಇದ್ದೆ. ಎಂಜಿನ್ನನ್ನು ಮುಳುಗಿಸಿದವನು ನಾನು. ಏಳು ವರ್ಷ ಅಪರಾಧವನ್ನು ಅದರ ತಲೆಗೆ ಕಟ್ಟಿ ಸುಮ್ಮನಿದ್ದೆ.

ತಮ್ಮ ತೂಗುತ್ತಿದ್ದ ಎಂಜಿನ್ನನ್ನು ಕೈಯಿಂದ ನಿಲ್ಲಿಸಿದ. “ಗೊತ್ತಿತ್ತು ಅಣ್ಣ. ಅವತ್ತು ಬೆಳಿಗ್ಗೆ ಅಪ್ಪನ ಶಾಲು ತರೋದಕ್ಕೆ ಮನೆಗೆ ಹೋಗಿದ್ದೆನಲ್ಲ, ಆಗ ಕೀ ತಿರುಗಿಸಿ ನೋಡಿದ್ದೆ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.”

“ಮತ್ತೆ ಬೇರೆ ಎಂಜಿನ್ ಯಾಕೆ ಬೇಕೆಂದೆ?”

“ಜಿಪ್ಸಿ ಎಂಜಿನ್ನಿಗೆ ಚೋಕ್ ಇಲ್ಲ” ಎಂದ. ಸ್ವಲ್ಪ ತಡೆದು, “ಮನೆಯಲ್ಲಿ ಅಮ್ಮನ ಜೊತೆ ಇರೋನು ನೀನು. ಇನ್ನೊಂದು ರಾತ್ರಿ ಹಾಗೆ ಬಂದರೆ ನಿನ್ನ ಕೈ ನಡುಗಿದರೂ ಕಾರು ಹೊರಡಬೇಕಲ್ಲ” ಎಂದ.

ಇಮ್ಮಡಿ ಬಲವೂ, ಆರು ಸಾವಿರ ಸುತ್ತೂ ನನ್ನನ್ನು ಒಪ್ಪಿಸಲು ಹೇಳಿದ ಮಾತುಗಳೆಂದು ಆಗ ತಿಳಿಯಿತು. ಅವನಿಗೆ ಬೇಕಾಗಿದ್ದದ್ದು ಅಣ್ಣನ ಗಾಬರಿಯನ್ನು ತಾಳಿಕೊಳ್ಳುವ ಒಂದು ಎಂಜಿನ್ನು, ಅಷ್ಟೇ. ಸಾಹೇಬರು ತಂದ ಚಹಾ ಕುಡಿಯುವಾಗ ನಾವಿಬ್ಬರೂ ಬೇರೆ ಬೇರೆ ದಿಕ್ಕಿಗೆ ನೋಡುತ್ತಿದ್ದೆವು.

ಹಳೆಯ ಎಂಜಿನ್ನೇ ರಿಂಗು ಬೇರಿಂಗುಗಳನ್ನು ಹಾಕಿಸಿಕೊಂಡು ಮರಳಿ ಮನೆಗೆ ಬಂತು. ಮಾರನೆಯ ಮುಂಜಾನೆ ಚಳಿಯಲ್ಲಿ ತಮ್ಮ ನನ್ನನ್ನು ಚಾಲಕನ ಸೀಟಿನಲ್ಲಿ ಕೂರಿಸಿ, ಬೇಕೆಂದೇ ಚೋಕು ಎಳೆಸಿ, ಪೆಟ್ರೋಲ್ ಉಕ್ಕುವವರೆಗೆ ತುಳಿಸಿದ. ಆ ಮೇಲೆ ಹೇಳಿಕೊಟ್ಟ: “ಚೋಕನ್ನು ಒಳಕ್ಕೆ ತಳ್ಳು. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಾಗೇ ಹಿಡಿದುಕೊ, ಬಿಟ್ಟು ಬಿಟ್ಟು ತುಳಿಯಬೇಡ. ಈಗ ಕೀ ತಿರುಗಿಸು. ಹೆದರಬೇಡ, ತಿರುಗಿಸುತ್ತಿರು.”

ಎಂಜಿನ್ನು ಕೆಮ್ಮಿತು, ಸೀನಿತು, ಒಮ್ಮೆ ನಿಂತೇಹೋಯಿತೇನೋ ಎನ್ನಿಸಿ, ಗೊರಗೊರ ಸದ್ದು ಮಾಡುತ್ತ ಎದ್ದಿತು. ಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, “ಅಬ್ಬ, ಹಸ್ತಿನಿ ಎದ್ದಳು” ಎಂದರು.