ತಿಳಿದ ನುಡಿಯೇ ತಪ್ಪಾದಾಗ

ಒಂದು ನಾಡಿನ ನುಡಿಯನ್ನು ಕಲಿತವರಿಗೆ ಆ ನಾಡಿನ ಬಾಗಿಲು ತಾನಾಗಿಯೇ ತೆರೆಯುವುದೆಂದು ಸಾಮಾನ್ಯರ ನಂಬುಗೆ. ಬೆಲ್ಜಿಯಂ ದೇಶದ ಲೇಖಕಿ ಅಮೇಲಿ ನೋತೋಂಬ್ ಅವರ ಅನುಭವವು ಈ ನಂಬುಗೆಗೆ ಅಪವಾದವಾಗಿದೆ. ರಾಜತಂತ್ರಾಧಿಕಾರಿಯೊಬ್ಬರ ಪುತ್ರಿಯಾದ ಈಕೆ ಎಳವೆಯ ಕೆಲವು ವರ್ಷಗಳನ್ನು ಜಪಾನಿನಲ್ಲಿ ಕಳೆದು, ಆ ನಾಡನ್ನು ತಮ್ಮದೆಂದೇ ಪ್ರೀತಿಸಿದವರು. ಪ್ರಾಯಕ್ಕೆ ಬಂದಮೇಲೆ ಅಲ್ಲಿಗೆ ಮರಳಿ, ಟೋಕಿಯೋ ನಗರದ ದೊಡ್ಡ ವ್ಯಾಪಾರಸಂಸ್ಥೆಯೊಂದರಲ್ಲಿ ಉದ್ಯೋಗಕ್ಕೆ ಸೇರಿದರು. ಆ ಅನುಭವದಿಂದ ಹುಟ್ಟಿದ ಫ್ರೆಂಚ್ ಕಾದಂಬರಿಯು 1999ರಲ್ಲಿ ಪ್ರಕಟವಾಗಿ, ಆ ವರ್ಷವೇ ಫ್ರೆಂಚ್ ಅಕಾಡೆಮಿಯ ಕಾದಂಬರಿ ಪ್ರಶಸ್ತಿಯನ್ನು ಪಡೆಯಿತು. 'ದಿಗ್ಭ್ರಮೆ ಮತ್ತು ನಡುಕ' ಎಂಬುದು ಅದರ ಹೆಸರಿನ ಅರ್ಥ. ಹಿಂದೆ ಚಕ್ರವರ್ತಿಯ ಸನ್ನಿಧಿಯಲ್ಲಿ ಪ್ರಜೆಗಳು ತಾಳಬೇಕಾಗಿದ್ದ ಭಾವವದು.

ಕಥಾನಾಯಕಿಯ ಹೆಸರೂ ಅಮೇಲಿಯೇ. 1990ರ ಜನವರಿಯಲ್ಲಿ ಒಂದು ವರ್ಷದ ಕರಾರಿನ ಮೇಲೆ ಸೇರಿದ ಅವಳಿಗೆ ಮೇಲಧಿಕಾರಿಗಳು ಹಲವರು. ಕೆಳಗೆ ಮಾತ್ರ ಯಾರೂ ಇಲ್ಲ. ಒಂದು ದಿನ ಅತಿಥಿಗಳಾಗಿ ಬಂದ ವರ್ತಕರಿಗೆ ಕಾಫಿ ಕೊಡುವಾಗ, ಅವಳು ಶುದ್ಧವಾದ ಜಪಾನಿ ಭಾಷೆಯಲ್ಲಿ ಉಪಚಾರದ ಮಾತುಗಳನ್ನಾಡಿದಳು. ಅದೇ ತಪ್ಪಾಯಿತು. ತಮ್ಮ ಮಾತೆಲ್ಲವನ್ನೂ ತಿಳಿಯಬಲ್ಲ ಬಿಳಿಯ ಹೆಂಗಸು ಎದುರಿಗಿರಲು ಅವರು ಮನಸ್ಸು ಬಿಚ್ಚಿ ಮಾತನಾಡುವುದೆಂತು? ಇನ್ನು ಮುಂದೆ ಜಪಾನಿ ಭಾಷೆಯನ್ನು ಮರೆತುಬಿಡತಕ್ಕದ್ದೆಂದು ಮೇಲಿನವರ ಅಪ್ಪಣೆಯಾಯಿತು! ಬಳಿಕ ಬೇರೊಂದು ವಿಭಾಗದ ಅಧಿಕಾರಿಗೆ ಬೆಲ್ಜಿಯಂ ದೇಶದ ಬೆಣ್ಣೆಯ ವಿಷಯದಲ್ಲಿ ಒಳ್ಳೆಯ ವರದಿಯೊಂದನ್ನು ಬರೆದುಕೊಟ್ಟಳು. ಅದಕ್ಕೂ ಛೀಮಾರಿಯೇ ಬಂದಿತು. ಕಡೆಗೆ ಅವಳ ಪಾಲಿಗೆ ಉಳಿದುದು ಶೌಚಗೃಹಗಳ ಚಾಕರಿ. ನಡುವೆ ಬಿಟ್ಟುಹೋಗುವುದು ಜಪಾನೀಯರ ಕಣ್ಣಿನಲ್ಲಿ ಮಾನಹಾನಿಯೆಂದು ಬಗೆದು, ಅವಳು ಕರಾರಿನ ಕಡೆಯ ದಿನದವರೆಗೂ ಅದನ್ನು ನಡೆಸಿದಳು.

ಇಷ್ಟನ್ನೇ ಓದಿ ಜಪಾನೀಯರನ್ನು ಹಳಿಯುವುದು ಸುಲಭ. ಆದರೆ ವರದಿಯ ವಿಚಾರದಲ್ಲಿ ಚಾಡಿ ಹೇಳಿದವಳು ಫುಬುಕಿಯೆಂಬ ಮೇಲಧಿಕಾರಿಣಿ, ಅಮೇಲಿಯು ಗೆಳತಿಯೆಂದು ನಂಬಿದ್ದವಳು. ತಾನು ವರ್ಷಗಟ್ಟಲೆ ಬಾಯಿಮುಚ್ಚಿ ದುಡಿದು ಹತ್ತಿದ ಮೆಟ್ಟಲನ್ನು ಹೊರಗಿನವಳು ಕೆಲವೇ ವಾರಗಳಲ್ಲಿ ಹತ್ತುವುದನ್ನು ಅವಳು ಸಹಿಸದಾದಳು. ಉದ್ಯೋಗದಲ್ಲಿ ಸ್ತ್ರೀಪುರುಷರ ಸಮಾನಾವಕಾಶದ ಕಾನೂನು ಅಲ್ಲಿ 1986ರಲ್ಲಿಯೇ ಜಾರಿಗೆ ಬಂದಿದ್ದಿತು. ಆದರೆ ನೇಮಕ ಮತ್ತು ಬಡತಿಗಳಲ್ಲಿ ಸಮತೆಗಾಗಿ ಪ್ರಯತ್ನಿಸಿರೆಂದು ಯಜಮಾನರಿಗೆ ಹೇಳಿತೇ ಹೊರತು, ಭೇದವನ್ನು ನಿಷೇಧಿಸಲಿಲ್ಲ. ನಿಷೇಧವು ಜಾರಿಗೆ ಬಂದುದು 1999ರಲ್ಲಿ. ವಿದೇಶೀಯಳ ಅಪಮಾನಕ್ಕೆ ಒಂದು ವರ್ಷದ ಗಡುವಿದ್ದಿತು. ಫುಬುಕಿಯ ಬಾಳಿಗೆ ಅಂತಹ ಗಡುವಿರಲಿಲ್ಲ. ಕ್ರೂರಿಯಾದವಳೇ ಹೆಚ್ಚಿನ ಸೆರೆಯಾಳೆಂಬುದನ್ನು ಲೇಖಕಿ ಮರೆಮಾಚಿಲ್ಲ. ಗ್ರಂಥದ ಹಿರಿಮೆ ಇರುವುದು ಅಲ್ಲಿಯೇ.

ಅಮೇಲಿಯು ಯೂರೋಪಿಗೆ ಮರಳಿ, 1992ರಲ್ಲಿ ಅವಳ ಮೊದಲ ಕಾದಂಬರಿಯು ಪ್ರಕಟವಾದ ಮೇಲೆ, ಫುಬುಕಿಯಿಂದ ಅಭಿನಂದನೆಯ ಪುಟ್ಟ ಕಾಗದವೊಂದು ಬರುತ್ತದೆ. ಅವಳನ್ನು ಹಿಗ್ಗಿಸಿದ್ದು ಅಭಿನಂದನೆಗಿಂತಲೂ ಅದರ ಭಾಷೆ. ಮರೆತುಬಿಡೆಂದು ಅಪ್ಪಣೆಯಾಗಿದ್ದ ಆ ಜಪಾನಿ ನುಡಿಯಲ್ಲಿಯೇ ಫುಬುಕಿ ಬರೆದಿದ್ದಳು.