ಉಳಿ ಹುಡುಕುತ್ತಾ ಕೊಂಡಪಲ್ಲಿಗೆ

ಕಳೆದ ದಸರೆಗೆ ಮಗಳ ಗೊಂಬೆ ಸಾಲಿಗೊಂದು ಎತ್ತಿನಗಾಡಿ ಮಾಡಿಕೊಡುವುದಾಗಿ ಮಾತು ಕೊಟ್ಟಿದ್ದೆ. ವಿಶಾಖಪಟ್ಟಣದ ನಮ್ಮ ಬಾಲ್ಕನಿಯಲ್ಲಿ ಮೇಜು ಹಾಕಿ, ಆನ್‌ಲೈನಿನಲ್ಲಿ ಹನ್ನೆರಡು ಉಳಿಗಳ ಸೆಟ್ ತರಿಸಿದೆ. ಫಳಫಳ ಹೊಳೆಯುತ್ತಿದ್ದವು. ಮೂರನೇ ದಿನಕ್ಕೆ ಬಾಯಿ ಮೊಂಡಾಯಿತು. ಮಗಳು ಏನೂ ಅನ್ನಲಿಲ್ಲ. ಊರಿನಿಂದ ತಂದ ಮಣ್ಣೆತ್ತುಗಳನ್ನು ಗಾಡಿಯಿಲ್ಲದೆಯೇ ಕೂರಿಸಿದಳು.

ಚಕ್ರಗಳನ್ನಾದರೂ ಕಡೆಸಿಕೊಂಡು ಬರೋಣವೆಂದು ಏಟಿಕೊಪ್ಪಾಕಕ್ಕೆ ಹೋದೆ. ವೈಜಾಗಿನಿಂದ ಸುಮಾರು 65 ಕಿ.ಮೀ., ವರಾಹ ನದಿಯ ದಡದ ಊರು. 2017ರಲ್ಲಿ ಇಲ್ಲಿನ ಅರಗಿನ ಬೊಂಬೆಗಳಿಗೆ ಜಿಐ ಟ್ಯಾಗ್ ಬಂತು. ಸಹಜ ಬಣ್ಣಗಳನ್ನು ಮತ್ತೆ ಬಳಕೆಗೆ ತಂದ ಸಿ.ವಿ. ರಾಜು ಅವರಿಗೆ 2023ರಲ್ಲಿ ಪದ್ಮಶ್ರೀ ಸಿಕ್ಕಿತು. ಇವರು 'ಅಂಕುಡು' ಅನ್ನುವ ಮರ ನಮ್ಮ ಚನ್ನಪಟ್ಟಣದ ಹಾಲೆ ಮರವೇ. ಅದು ಗೊತ್ತಾದ ಮೇಲೆ ಊರಿನವರನ್ನೇ ಕಂಡ ಹಾಗಾಯಿತು.

ಭಾಷೆಯೂ ಹಾಗೇ. ಉಳಿಗೆ ಇವರು 'ಉಲಿ' ಅನ್ನುತ್ತಾರೆ. ಗರಗಸ ಮಾತ್ರ 'ರಂಪಂ'. ನಮ್ಮ ಮನೆಯಲ್ಲಿ ನಾನು ಗರಗಸ ಹಿಡಿದಾಗ ಆಗುವುದೂ ರಂಪವೇ.

ವಯಸ್ಸಾದ ಕುಶಲಕರ್ಮಿಯೊಬ್ಬರು ನನ್ನ ಉಳಿಯನ್ನು ಉಗುರಿನ ಮೇಲೆ ಆಡಿಸಿ ನೋಡಿದರು. "ಚಕ್ರ ನಾನು ಕಡೆದು ಕೊಡ್ತೀನಿ ಬಾಬು. ಅಚ್ಚಿನ ಮರಕ್ಕೆ ಗಾಡಿ ಯಾವುದರಲ್ಲಿ ಕೊರೀತೀರಿ?" ಅಂದರು. ಅವರ ಹತ್ತಿರ ಇದ್ದದ್ದು ನಾಲ್ಕೇ ಉಳಿ. ಒಂದಂತೂ ಸಾಣೆಗೆ ಸವೆದು ಅರ್ಧ ಉದ್ದವಾಗಿತ್ತು, ಆದರೂ ಹದ ಬಿಟ್ಟಿರಲಿಲ್ಲ. ನನ್ನದು ತುದಿಯಲ್ಲೇ ಹದ ಬಿಟ್ಟಿತ್ತು. ಕೆತ್ತನೆ ಕಲಿಯಬೇಕಾದರೆ ಕೊಂಡಪಲ್ಲಿಗೆ ಹೋಗಿ ಅಂದರು.

ಕೆಂಪು ಅರಗಿನ ಎರಡು ಚಕ್ರ ಕಟ್ಟಿಸಿಕೊಂಡು, ಮುಂದಿನ ಶನಿವಾರ ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತಿ ವಿಜಯವಾಡಕ್ಕೆ ಹೋದೆ. ಅಲ್ಲಿಂದ ಕೊಂಡಪಲ್ಲಿ 20 ಕಿ.ಮೀ. ಒಳಗೇ. ಬೆಟ್ಟದ ಮೇಲೆ ಕೋಟೆ, ಕೆಳಗೆ ಬೊಂಬೆ ಮಾಡುವವರ ಮನೆಗಳು. ಇವರ ಮರ 'ತೆಲ್ಲ ಪೊನಿಕಿ', ಕೈಗೆತ್ತಿಕೊಂಡರೆ ತೂಕವೇ ಇಲ್ಲ. ಮೊದಲು ಬಿಸಿಗೆ ಹಿಡಿದು ತೇವ ತೆಗೆಯುತ್ತಾರೆ. ಕೈ, ಕಾಲು, ತಲೆ ಬೇರೆಬೇರೆ ಕೆತ್ತಿ, ಹುಣಸೆ ಬೀಜದ ಅಂಟಿಗೆ ಮರದ ಪುಡಿ ಬೆರೆಸಿ ಕೂಡಿಸುತ್ತಾರೆ. ದಶಾವತಾರ, ಅಂಬಾರಿ ಆನೆ ಇವುಗಳ ನಡುವೆ ಎತ್ತಿನಗಾಡಿಯೂ ಇತ್ತು! ಕೊಂಡುಬಿಡಬಹುದಿತ್ತು. ಕೊಳ್ಳಲಿಲ್ಲ.

ಅಲ್ಲಿ ಒಬ್ಬ ಹೆಂಗಸು ತನ್ನ ಉಳಿಯನ್ನೂ ನನ್ನ ಉಳಿಯನ್ನೂ ಒಂದೇ ತುಂಡಿನ ಅಡ್ಡ ಕಡಿದ ಮುಖದ ಮೇಲೆ ಓಡಿಸಿ ತೋರಿಸಿದರು. ಅವರದು ಬೆಣ್ಣೆ ಕೊಯ್ದಂತೆ ಹೋಯಿತು. ನನ್ನದು ನಾರನ್ನು ಜಜ್ಜಿ ಗುಳಿ ಬೀಳಿಸಿತು. ನಾನು ತಿಳಿದದ್ದು ಉಲ್ಟಾ: ಮೆತ್ತನೆ ಮರಕ್ಕೆ ಯಾವ ಉಳಿಯಾದರೂ ಸಾಕು ಅಂತ. ಗಟ್ಟಿ ಮರದಲ್ಲಿ ಕೊಡತಿಯಿಂದ ಹೊಡೆದು ಹೇಗೋ ದಾಟಿಸಬಹುದು, ಮೆತ್ತನೆ ಮರದಲ್ಲಿ ಮೊಂಡು ಉಳಿ ಸಿಕ್ಕಿಬೀಳುತ್ತದೆ.

ಅವರಿಂದ ಒಂದು ಪೊನಿಕಿ ತುಂಡು ಇಸಿದುಕೊಂಡು ವಿಜಯವಾಡದ ವನ್‌ಟೌನಿನ ಅಂಗಡಿ ಬೀದಿಗೆ ಬಂದೆ. ಈ ಸಲ ಹೊಳಪು ನೋಡಲಿಲ್ಲ. ಉಳಿಯ ಬೆನ್ನಿಗೆ ಸ್ಟೀಲ್ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿದೆ. ಸಂದಿಯಲ್ಲಿ ಬೆಳಕು ತೂರಿದರೆ ಬೆನ್ನು ಸಪಾಟಿಲ್ಲ, ಎಷ್ಟು ಮಸೆದರೂ ಅಲಗು ನೇರ ಬರುವುದಿಲ್ಲ. ಹಿಡಿ ಅಲಗಿನ ನೇರಕ್ಕಿದೆಯೇ, ತಲೆಯ ಬಳೆ ಅಲ್ಲಾಡುತ್ತದೆಯೇ ನೋಡಿದೆ. ಅಂಗಡಿಯವರು, "ಸೆಟ್ ತಗೊಳ್ಳಿ ಸಾರ್, ಚೀಪ್ ಬೀಳುತ್ತೆ" ಅಂದರು. 6 ಮತ್ತು 12 ಮಿ.ಮೀ.ನ ಎರಡೇ ತೆಗೆದುಕೊಂಡೆ. ಉಳಿದ ದುಡ್ಡು ಎರಡು ಮುಖದ ಸಾಣೆಕಲ್ಲಿಗೆ ಹೋಯಿತು. ಹೊಸ ಉಳಿಯನ್ನು ಮಸೆಯದೆ ಕೆಲಸಕ್ಕೆ ಇಳಿಸುವಂತಿಲ್ಲ. ಕಲ್ಲಿಲ್ಲದ ಮನೆಯಲ್ಲಿ ದುಬಾರಿ ಉಳಿಯೂ ವಾರಕ್ಕೆ ಮೊಂಡೇ. ಬಾಯಿಯ ಕೋನ ಸಾಧಾರಣ ಕೆಲಸಕ್ಕೆ 25 ಡಿಗ್ರಿ, ಗಟ್ಟಿ ಮರಕ್ಕೆ 30ರ ಹತ್ತಿರ. ಪೊನಿಕಿಯಂಥದ್ದಕ್ಕೆ ನಾನು ಇನ್ನೂ ತೆಳ್ಳಗೆ ಮಸೆಯುತ್ತೇನೆ.

ಆ ತುಂಡು ಈಗಲೂ ಮೇಜಿನ ಮೇಲಿದೆ. ಮಸೆದಾಗೆಲ್ಲ ಅದರ ಮೇಲೆ ಒಂದು ಗೀರು ಎಳೆದು ನೋಡುತ್ತೇನೆ. ಗಾಡಿಯ ಹಾಸು ಆಗಿದೆ, ಚಕ್ರ ಕೂತಿವೆ. ನೊಗ ಬಾಕಿ. ದಸರೆಗೆ ಇನ್ನೂ ಎರಡು ತಿಂಗಳಿದೆ.